ಮಗನ ಸಂಬಳದ ಚೀಟಿ, ತಾಯಿಯ ಅನ್ನ: ಕ್ಯಾಲಿಫೋರ್ನಿಯಾದ ಶಾಸಕರಿಗೊಂದು ಬಹಿರಂಗ ಪತ್ರ

ಕ್ಯಾಲಿಫೋರ್ನಿಯಾ ರಾಜ್ಯದ ಅಸೆಂಬ್ಲಿ ಮತ್ತು ಸೆನೆಟ್‌ನ ಮಾನ್ಯ ಸದಸ್ಯರಿಗೆ, ಮಾನ್ಯ ಗವರ್ನರ್ ಅವರಿಗೆ, ಹಾಗೂ ಈ ರಾಜ್ಯದಲ್ಲಿ ನೆಲೆಸಿರುವ ನನ್ನ ಕನ್ನಡದ ಬಂಧುಗಳಿಗೆ,

ವಂದನೆಗಳು.

ನಾನು ಸಾಂಟಾ ಕ್ಲಾರಾ ಕೌಂಟಿಯ ಒಬ್ಬ ಮತದಾರೆ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ ಗಂಡನ ಜೊತೆ ಇಲ್ಲಿಗೆ ಬಂದವಳು, ಈಗ ಈ ದೇಶದ ಪ್ರಜೆ. ಕಳೆದ ಏಳು ವರ್ಷಗಳಿಂದ, ಕೆಲಸಕ್ಕೆ ರಜೆ ಸಿಕ್ಕ ದಿನಗಳಲ್ಲಿ, ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಹಿರಿಯರ ಜೊತೆ ಕೌಂಟಿಯ ಸಮಾಜಸೇವಾ ಕಚೇರಿಗಳಿಗೆ ಹೋಗಿ, ಅವರ ಮಾತನ್ನು ಅಧಿಕಾರಿಗಳಿಗೂ ಅಧಿಕಾರಿಗಳ ಮಾತನ್ನು ಅವರಿಗೂ ತಿಳಿಸುವ ಕೆಲಸ ಮಾಡುತ್ತಿದ್ದೇನೆ. ಈ ಪತ್ರದ ಇಂಗ್ಲಿಷ್ ಪ್ರತಿಯನ್ನು ತಮ್ಮ ಕಚೇರಿಗಳಿಗೆ ಕಳುಹಿಸಿದ್ದೇನೆ. ಆದರೂ ಕನ್ನಡದಲ್ಲಿ ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಎರಡು ಕಾರಣಗಳಿವೆ. ಯಾರ ಬದುಕಿನ ಬಗ್ಗೆ ನಾನು ತಮ್ಮೆದುರು ಮಾತಾಡುತ್ತಿದ್ದೇನೋ ಅವರಿಗೆ ನಾನು ಏನು ಹೇಳಿದೆನೆಂದು ಓದಿ ತಿಳಿಯುವ ಹಕ್ಕಿದೆ ಎಂಬುದು ಮೊದಲನೆಯದು. ಇಲ್ಲಿನ ಕನ್ನಡಿಗರಲ್ಲಿ ಬಹುಪಾಲು ಜನ 'ವೆಲ್‌ಫೇರ್' ಎಂಬ ಮಾತು ತಮಗೆ ಸಂಬಂಧಿಸಿದ್ದಲ್ಲ ಎಂದು ನಂಬಿರುವುದು ಎರಡನೆಯದು. ಆ ನಂಬಿಕೆ ಎಷ್ಟು ತಪ್ಪೆಂಬುದನ್ನು ನಾನು ಕಚೇರಿಯ ಕಿಟಕಿಗಳ ಮುಂದೆ ನಿಂತು ಕಲಿತಿದ್ದೇನೆ.

ಒಂದು ಬೆಳಗಿನ ಸಂಗತಿಯಿಂದ ಶುರು ಮಾಡುತ್ತೇನೆ. ಅರಸೀಕೆರೆ ಕಡೆಯ ಒಬ್ಬ ತಾಯಿ, ಎಪ್ಪತ್ತು ದಾಟಿದವರು, ಮಗ ಕರೆಸಿಕೊಂಡದ್ದರಿಂದ ಗ್ರೀನ್ ಕಾರ್ಡ್ ಪಡೆದು ಇಲ್ಲಿಗೆ ಬಂದವರು. ಬಂದ ನಾಲ್ಕನೆಯ ವರ್ಷಕ್ಕೆ ಮಗನ ಸಂಸಾರ ಒಡೆಯಿತು. ಅವನು ಕೆಲಸ ಬದಲಿಸಿ ಬೇರೆ ರಾಜ್ಯಕ್ಕೆ ಹೋದ; ಸಂಬಳದ ಬಹುಭಾಗ ವಿಚ್ಛೇದನದ ಖರ್ಚಿಗೂ ಮಕ್ಕಳ ಪೋಷಣೆಗೂ ಸಾಲಕ್ಕೂ ಹೋಗುತ್ತಿತ್ತು. ತಾಯಿ ಒಂದು ಕನ್ನಡ ಕುಟುಂಬದ ಮನೆಯ ಹಿಂದಿನ ಕೋಣೆಯಲ್ಲಿ, ಅವರ ಮಗುವನ್ನು ನೋಡಿಕೊಂಡು, ಅಡುಗೆಗೆ ಕೈ ಜೋಡಿಸಿಕೊಂಡು ಇದ್ದರು. ಆ ಕುಟುಂಬವೂ ಊರು ಬಿಡುವುದೆಂದಾದಾಗ ನನ್ನನ್ನು ಕರೆದರು. ವಯಸ್ಸಾದ, ದೃಷ್ಟಿ ಇಲ್ಲದ ಮತ್ತು ಅಂಗವಿಕಲರಾದ ಕಾನೂನುಬದ್ಧ ವಲಸಿಗರಿಗೆ ನಮ್ಮ ರಾಜ್ಯವು ತನ್ನ ಸ್ವಂತ ಹಣದಿಂದ ನಡೆಸುವ ನಗದು ನೆರವಿನ ಯೋಜನೆ ಇದೆ. ಅದರ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಎಲ್ಲರೂ ಅದನ್ನು 'ಕ್ಯಾಪಿ' ಎನ್ನುತ್ತಾರೆ. ನಾವು ಅದಕ್ಕೆ ಅರ್ಜಿ ಹಾಕಲು ಹೋದೆವು.

ಕಿಟಕಿಯ ಆ ಬದಿಯಲ್ಲಿದ್ದ ಹೆಣ್ಣುಮಗಳು ಒಳ್ಳೆಯವಳು, ತಾಳ್ಮೆಯಿಂದ ಮಾತಾಡಿದಳು. ಆದರೆ ನಿಯಮ ಅವಳ ಕೈಯಲ್ಲಿರಲಿಲ್ಲ. ಕರೆಸಿಕೊಂಡು ಹೊಣೆ ಹೊತ್ತ, ಅಂದರೆ ಸ್ಪಾನ್ಸರ್ ಆದ ಮಗನ ಆದಾಯವನ್ನು ಹತ್ತು ವರ್ಷಗಳವರೆಗೆ ತಾಯಿಯ ಆದಾಯವೆಂದೇ ಎಣಿಸಬೇಕು; ಅವನ ಸಂಬಳದ ಚೀಟಿಯ ಪ್ರಕಾರ ಈ ತಾಯಿ ಬಡವರಲ್ಲ. ಇದಕ್ಕೊಂದು ವಿನಾಯಿತಿ ಇದೆ. ಮಗನಿಂದ ಬರುತ್ತಿರುವ ಸಹಾಯದಲ್ಲಿ ಊಟ ಮತ್ತು ವಸತಿ ಸಾಗುತ್ತಿಲ್ಲ ಎಂದು ಅರ್ಜಿದಾರರು ಬರೆದು, ರುಜು ಹಾಕಿ, ಅದನ್ನು ತೋರಿಸಿಕೊಡಬೇಕು. ನಾನು ಅದನ್ನು ಕನ್ನಡದಲ್ಲಿ ಹೇಳಬೇಕಾಯಿತು. 'ನಿಮ್ಮ ಮಗ ನಿಮಗೆ ಅನ್ನ ಹಾಕುತ್ತಿಲ್ಲ ಅಂತ ಬರೆದುಕೊಡಬೇಕಂತೆ ಅಮ್ಮ' ಎಂದೆ. ಇದಕ್ಕಿಂತ ಮೆತ್ತಗಿನ ಮಾತು ಆ ಹೊತ್ತಿಗೆ ನನಗೆ ಸಿಗಲಿಲ್ಲ, ಇವತ್ತಿಗೂ ಸಿಕ್ಕಿಲ್ಲ. ಅವರು ಪೆನ್ನನ್ನು ಮೇಜಿನ ಮೇಲಿಟ್ಟು, ಸೆರಗು ಸರಿಮಾಡಿಕೊಂಡು, 'ನನ್ನ ಮಗ ಕೆಟ್ಟೋನಲ್ಲ ಕಣಮ್ಮ, ಅವನ ಕಾಲ ಕೆಟ್ಟದೆ. ಅದನ್ನ ನಾನು ಹೆಂಗೆ ಬರ್ಕೊಡ್ಲಿ' ಎಂದರು. ನಾವು ವಾಪಸು ಬಂದೆವು.

ಮಾನ್ಯರೇ, ಈ ಪತ್ರದಲ್ಲಿ ನಾನು ಕೇಳುವುದೆಲ್ಲ ಆ ಮೇಜಿನ ಮೇಲೆ ಉಳಿದ ಪೆನ್ನಿನ ಸುತ್ತಲೇ ಇದೆ. ಕಾನೂನಿನ ಪ್ರಕಾರ ಈ ನೆಲಕ್ಕೆ ಬಂದು, ಇಲ್ಲಿಯೇ ಬಾಳುತ್ತಿರುವ ಮನುಷ್ಯ ಕಷ್ಟಕ್ಕೆ ಬಿದ್ದಾಗ ರಾಜ್ಯವು ನೋಡಬೇಕಾದದ್ದು ಆ ಮನುಷ್ಯನ ಕಷ್ಟವನ್ನೇ ಹೊರತು, ಅವರು ಎಷ್ಟು ವರ್ಷದ ಹಿಂದೆ ಬಂದರು, ಯಾರು ಕರೆಸಿದರು, ಯಾವ ಬಗೆಯ ವೀಸಾ ಹಿಡಿದು ಬಂದರು ಎಂಬುದನ್ನಲ್ಲ.

ಈ ವ್ಯವಸ್ಥೆ ಹೀಗೆ ಕಟ್ಟಿಕೊಂಡದ್ದು ಹೇಗೆಂದು ಗೊತ್ತಿಲ್ಲದ ಕನ್ನಡದ ಓದುಗರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. 1935ರ ಸಾಮಾಜಿಕ ಭದ್ರತಾ ಕಾಯಿದೆಯ ಕಾಲದಿಂದ ಅಮೆರಿಕದಲ್ಲಿ ಬಡ ಮಕ್ಕಳಿರುವ ಕುಟುಂಬಗಳಿಗೆ ನಗದು ನೆರವು ಸಿಗುತ್ತಿತ್ತು. 1996ರ ಆಗಸ್ಟ್ 22ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ರುಜು ಹಾಕಿದ ಕಾಯಿದೆ ಆ ಹಳೆಯ ಪದ್ಧತಿಯನ್ನು ಕೊನೆಗಾಣಿಸಿ, ರಾಜ್ಯಗಳಿಗೆ ವರ್ಷಕ್ಕೆ ಒಟ್ಟು ಸುಮಾರು 1,650 ಕೋಟಿ ಡಾಲರುಗಳ ಇಡುಗಂಟನ್ನು ಕೊಟ್ಟು, ನೆರವಿಗೆ ಐದು ವರ್ಷಗಳ ಗಡುವು ಹಾಕಿತು. ಆ ಇಡುಗಂಟಿನ ಮೊತ್ತ ಅಂದಿನಿಂದ ಇಂದಿನವರೆಗೆ ಬೆಲೆಯೇರಿಕೆಗೆ ತಕ್ಕಂತೆ ಒಮ್ಮೆಯೂ ಏರಿಲ್ಲ. 1996ರಲ್ಲಿ ದೇಶದ ಪ್ರತಿ 100 ಬಡ ಕುಟುಂಬಗಳಲ್ಲಿ 68ಕ್ಕೆ ತಲುಪುತ್ತಿದ್ದ ನೆರವು 2020ರ ಹೊತ್ತಿಗೆ 21ಕ್ಕೆ ಇಳಿದಿತ್ತು.

ಅದೇ ಕಾಯಿದೆ ಇನ್ನೊಂದು ಕೆಲಸವನ್ನೂ ಮಾಡಿತು. ಆ ಆಗಸ್ಟ್ 22ರ ನಂತರ ಗ್ರೀನ್ ಕಾರ್ಡ್ ಹಿಡಿದು ಬಂದವರಿಗೆ ಮೊದಲ ಐದು ವರ್ಷ ಒಕ್ಕೂಟ ಸರ್ಕಾರದ ಹಣದಿಂದ ಕುಟುಂಬ ನೆರವಿಲ್ಲ ಎಂದಿತು. ವೃದ್ಧರಿಗೂ ಅಂಗವಿಕಲರಿಗೂ ಸಿಗುವ 'ಎಸ್‌ಎಸ್‌ಐ' ಎಂಬ ಮಾಸಿಕ ನೆರವಿಗೆ ಐದು ವರ್ಷ ಸಾಲದು, ತಾವೋ ಗಂಡ-ಹೆಂಡಿರೋ ಸೇರಿ 40 ತ್ರೈಮಾಸಿಕಗಳಷ್ಟು, ಅಂದರೆ ಸುಮಾರು ಹತ್ತು ವರ್ಷದಷ್ಟು ದುಡಿಮೆ ಇಲ್ಲಿ ದಾಖಲಾಗಿರಬೇಕು ಎಂದಿತು. ಎಪ್ಪತ್ತನೆಯ ವಯಸ್ಸಿನಲ್ಲಿ ಬಂದ ಅರಸೀಕೆರೆಯ ತಾಯಿ ಎಲ್ಲಿಂದ ತರಬೇಕು ಹತ್ತು ವರ್ಷದ ದುಡಿಮೆಯ ಲೆಕ್ಕವನ್ನು? ಊರಿನಲ್ಲಿ ಅವರು ಐವತ್ತು ವರ್ಷ ದುಡಿದಿದ್ದಾರೆ. ಅದಕ್ಕೆ ಯಾವ ದೇಶದಲ್ಲಿಯೂ ಚೀಟಿ ಇಲ್ಲ. ಆ ಕಾಯಿದೆಯಿಂದ ಉಳಿಯಬಹುದೆಂದು ಅಂದಾಜು ಮಾಡಿದ ಹಣದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ವಲಸಿಗರಿಗೆ ನಿಲ್ಲಿಸಿದ ನೆರವಿನಿಂದಲೇ ಬರುವುದಿತ್ತು ಎಂಬುದನ್ನು ನೆನಪಿಸಿಕೊಂಡರೆ, ಕೆಲಸಕ್ಕೆ ಹಚ್ಚುವ ಸುಧಾರಣೆ ಎಂದು ಹೆಸರಿಟ್ಟ ಕಾನೂನಿನ ಭಾರ ಯಾರ ಹೆಗಲಿಗೆ ಬಿತ್ತೆಂದು ತಿಳಿಯುತ್ತದೆ.

ಇಲ್ಲಿ ಕ್ಯಾಲಿಫೋರ್ನಿಯಾಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸದೆ ಮುಂದೆ ಹೋಗಲಾರೆ. 1994ರಲ್ಲಿ ವಲಸಿಗರ ವಿರುದ್ಧದ 187ನೆಯ ಜನಮತ ಪ್ರಸ್ತಾವವನ್ನು ಗೆಲ್ಲಿಸಿದ ಇದೇ ರಾಜ್ಯ, ಮೂರು ನಾಲ್ಕು ವರ್ಷಗಳಲ್ಲಿ, ಒಕ್ಕೂಟ ಸರ್ಕಾರ ಕೈಬಿಟ್ಟವರನ್ನು ತನ್ನ ಹಣದಿಂದ ಹಿಡಿದುಕೊಂಡಿತು. 1997ರಲ್ಲಿ ಆಹಾರ ನೆರವಿನ ಯೋಜನೆ, 1998ರಲ್ಲಿ ಕ್ಯಾಪಿ, ಅದೇ ವರ್ಷ ಜನವರಿಯಿಂದ 'ಕ್ಯಾಲ್‌ವರ್ಕ್ಸ್' ಎಂಬ ಕುಟುಂಬ ನೆರವು ಬಂದವು. ಮೊದಲ ಐದು ವರ್ಷದೊಳಗಿನ ಗ್ರೀನ್ ಕಾರ್ಡ್ ಕುಟುಂಬಗಳಿಗೂ ರಾಜ್ಯದ ದುಡ್ಡಿನಿಂದಲೇ ಕ್ಯಾಲ್‌ವರ್ಕ್ಸ್ ಸಿಗುವಂತೆ ಮಾಡಿದವರು ತಮ್ಮ ಸ್ಥಾನಗಳಲ್ಲಿ ಅಂದು ಕುಳಿತಿದ್ದವರು. ಅವರಿಗೆ ಆಗ ಹಣ ಹೇರಳವಾಗಿತ್ತೆಂದಲ್ಲ, ಹಸಿದವರನ್ನು ಬಿಡಲಾಗದೆಂಬ ವಿವೇಕವಿತ್ತು. ನಾನು ತಮ್ಮನ್ನು ಕೇಳುತ್ತಿರುವುದು ಆ ಹಿರಿಯರು ಅರ್ಧಕ್ಕೆ ನಿಲ್ಲಿಸಿದ ಕೆಲಸವನ್ನು ಪೂರೈಸಿ ಎಂದು.

ಮೊದಲ ಕೋರಿಕೆ ಕ್ಯಾಪಿಯ ಹತ್ತು ವರ್ಷದ ನಿಯಮದ ಬಗ್ಗೆ. ಸ್ಪಾನ್ಸರ್ ಆದವರ ಮತ್ತು ಅವರ ಸಂಗಾತಿಯ ಆದಾಯವನ್ನು, ಅದು ನಿಜವಾಗಿ ವೃದ್ಧರ ಕೈಗೆ ಬಂದಿತೋ ಇಲ್ಲವೋ ನೋಡದೆ, ವೃದ್ಧರ ಆದಾಯವೆಂದು ಎಣಿಸುವುದನ್ನು ನಿಲ್ಲಿಸಿ. ಕೈಗೆ ಬಂದದ್ದನ್ನು ಎಣಿಸಿ; ಬಾರದ್ದನ್ನು ಎಣಿಸಬೇಡಿ. ಇದು ರಾಜ್ಯದ ಹಣ, ರಾಜ್ಯದ ಯೋಜನೆ, ಆದ್ದರಿಂದ ನಿಯಮವನ್ನು ತಿದ್ದುವ ಅಧಿಕಾರವೂ ತಮ್ಮದೇ.

ಮಗ ಸ್ಪಾನ್ಸರ್ ಪತ್ರಕ್ಕೆ ರುಜು ಹಾಕುವಾಗ ಹೊಣೆ ಹೊತ್ತಿರಲಿಲ್ಲವೇ ಎಂದು ತಾವು ಕೇಳಬಹುದು. ಹೊತ್ತಿದ್ದಾನೆ. ಬಡತನದ ರೇಖೆಯ ಶೇಕಡಾ 125ರಷ್ಟು ಆದಾಯ ತೋರಿಸಿ, ನ್ಯಾಯಾಲಯದಲ್ಲಿ ನಿಲ್ಲುವಂಥ ಕರಾರಿಗೆ ರುಜು ಹಾಕಿದ್ದಾನೆ. ಕಾನೂನಿನ ಪ್ರಕಾರ ತಾಯಿ ಮಗನ ಮೇಲೆ ದಾವೆ ಹೂಡಬಹುದು. ಹಾಸನ ಜಿಲ್ಲೆಯ ಒಂದು ಹಳ್ಳಿಯಿಂದ ಬಂದ ತಾಯಿ, ಇಂಗ್ಲಿಷ್ ಬಾರದವರು, ಬೇರೆ ರಾಜ್ಯದಲ್ಲಿರುವ ಒಬ್ಬನೇ ಮಗನ ಮೇಲೆ ಅನ್ನಕ್ಕಾಗಿ ದಾವೆ ಹೂಡುತ್ತಾರೆಂದು ಲೆಕ್ಕ ಹಾಕಿ ಒಂದು ನಿಯಮವನ್ನು ಮಾಡಿದರೆ, ಆ ನಿಯಮವನ್ನು ಬರೆದವರು ತಾಯಂದಿರನ್ನು ನೋಡಿಲ್ಲವೆಂದೇ ನಾನು ಹೇಳಬೇಕಾಗುತ್ತದೆ. ಮೆಕ್ಸಿಕೋದಿಂದ, ವಿಯೆಟ್ನಾಮಿನಿಂದ, ಫಿಲಿಪ್ಪೀನ್ಸಿನಿಂದ ಬಂದ ತಾಯಂದಿರ ಜೊತೆಗೂ ಅದೇ ಬೆಂಚಿನ ಮೇಲೆ ಕಾದು ಕುಳಿತಿದ್ದೇನೆ. ಈ ವಿಷಯದಲ್ಲಿ ಯಾರೂ ಬೇರೆಯಲ್ಲ.

ಹಾಗಾದರೆ ಅವರು ಪೌರತ್ವ ಪಡೆಯಲಿ, ಆಗ ಎಸ್‌ಎಸ್‌ಐ ತಾನಾಗಿ ಸಿಗುತ್ತದೆ ಎಂಬ ಸಲಹೆಯನ್ನೂ ಕೇಳಿದ್ದೇನೆ. ಪೌರತ್ವದ ಪರೀಕ್ಷೆಯಲ್ಲಿ ಇಂಗ್ಲಿಷ್ ಓದಿ, ಬರೆದು, ಮಾತಾಡಬೇಕು. ವಯಸ್ಸಾದವರಿಗೆ ರಿಯಾಯಿತಿ ಇದೆ, ನಿಜ: ಐವತ್ತೈದು ದಾಟಿದವರು ಗ್ರೀನ್ ಕಾರ್ಡ್ ಪಡೆದು 15 ವರ್ಷ ಇಲ್ಲಿದ್ದರೆ ತಮ್ಮ ಭಾಷೆಯಲ್ಲಿಯೇ ಉತ್ತರಿಸಬಹುದು. ಎಪ್ಪತ್ತಕ್ಕೆ ಬಂದವರಿಗೆ ಆ ರಿಯಾಯಿತಿ ಎಂಬತ್ತೈದನೆಯ ವಯಸ್ಸಿಗೆ ದೊರೆಯುತ್ತದೆ. ಅಕ್ಷರ ಕಲಿಯುವ ಉತ್ಸಾಹದಿಂದ ಗ್ರಂಥಾಲಯದ ತರಗತಿಗೆ ಬಸ್ಸು ಹಿಡಿದು ಹೋಗುವ ಅಜ್ಜಿಯರನ್ನು ನಾನು ಬಲ್ಲೆ, ಅವರ ಬಗ್ಗೆ ನನಗೆ ಅಪಾರ ಗೌರವ. ಆದರೆ ಕಿವಿ ಮಂದವಾದ, ಸಕ್ಕರೆ ಕಾಯಿಲೆಯಿಂದ ಕಣ್ಣು ಮಸುಕಾದ ಮುದುಕರಿಗೆ ಊಟಕ್ಕೆ ಮುಂಚೆ ಇಂಗ್ಲಿಷ್ ಕಲಿತು ಬನ್ನಿ ಎನ್ನುವುದು ಸರಿಯಲ್ಲ.

ಕ್ಯಾಪಿಯ ಮೊತ್ತವೇನೂ ಸಣ್ಣದಲ್ಲ ಎನ್ನುವವರಿಗಾಗಿ ಒಂದು ಮಾತು. ಅದನ್ನು ಎಸ್‌ಎಸ್‌ಐ ಮತ್ತು ಅದರ ಮೇಲೆ ರಾಜ್ಯ ಸೇರಿಸುವ ಹಣದ ಅಳತೆಗೆ ಕಟ್ಟಿದ್ದಾರೆ. 2025ರಲ್ಲಿ ಒಂಟಿಯಾಗಿರುವ ವೃದ್ಧರಿಗೆ ಇವೆರಡೂ ಸೇರಿ ತಿಂಗಳಿಗೆ ಹೆಚ್ಚೆಂದರೆ 1,206 ಡಾಲರ್ ಚಿಲ್ಲರೆ. ನಮ್ಮ ಕೌಂಟಿಯಲ್ಲಿ ಒಂದು ಮಲಗುವ ಕೋಣೆಯ ಮನೆಗೆ ಅದರ ಎರಡರಷ್ಟು ಕೊಟ್ಟರೂ ಸಾಲದು. ಎಸ್‌ಎಸ್‌ಐಗೆ ಕಟ್ಟಿರುವ ಇನ್ನೊಂದು ಷರತ್ತನ್ನೂ ಹೇಳಬೇಕು: ಬ್ಯಾಂಕಿನಲ್ಲಿ 2,000 ಡಾಲರಿಗಿಂತ ಹೆಚ್ಚು ಉಳಿತಾಯ ಇರಬಾರದು ಎಂಬ ಮಿತಿ 1989ರಿಂದ ಬದಲಾಗಿಲ್ಲ. ತನ್ನ ಅಂತ್ಯಕ್ರಿಯೆಗೆಂದು ಕೂಡಿಟ್ಟ ಹಣದಿಂದಾಗಿ ನೆರವು ತಪ್ಪೀತೆಂದು ಅಂಜುವ ಮುದುಕರಿದ್ದಾರೆ. ಒಕ್ಕೂಟದ ಮಿತಿಯನ್ನು ತಾವು ಬದಲಿಸಲಾರಿರಿ. ರಾಜ್ಯದ ಯೋಜನೆಯ ಮಿತಿಯನ್ನು ಬದಲಿಸಬಲ್ಲಿರಿ.

ಎರಡನೆಯ ಕೋರಿಕೆ ಮಕ್ಕಳಿರುವ ಕುಟುಂಬಗಳದು, ಇದರಲ್ಲಿ ವಲಸಿಗರೂ ಇಲ್ಲಿಯೇ ಹುಟ್ಟಿದವರೂ ಒಂದೇ. ತಾವು ಈಚಿನ ವರ್ಷಗಳಲ್ಲಿ ಕ್ಯಾಲ್‌ವರ್ಕ್ಸ್‌ನಲ್ಲಿ ಒಳ್ಳೆಯ ಬದಲಾವಣೆಗಳನ್ನು ಮಾಡಿದ್ದೀರಿ. ನೆರವು ಪಡೆಯುತ್ತಿರುವಾಗ ಹುಟ್ಟಿದ ಮಗುವಿಗೆ ಪಾಲಿಲ್ಲ ಎಂಬ ಕ್ರೂರ ನಿಯಮವನ್ನು 2017ರ ಜನವರಿಯಿಂದ ತೆಗೆದುಹಾಕಿದಿರಿ. ಹಿಂದಿನ ಆರ್ಥಿಕ ಮುಗ್ಗಟ್ಟಿನಲ್ಲಿ 48 ತಿಂಗಳಿಗೆ ಇಳಿಸಿದ್ದ ಗಡುವನ್ನು 2022ರ ಮೇ ತಿಂಗಳಿಂದ ಮತ್ತೆ 60 ತಿಂಗಳಿಗೆ ಏರಿಸಿದಿರಿ. 2018ರ ಬಜೆಟ್ಟಿನೊಂದಿಗೆ ಒಂದು ಮಾತನ್ನೂ ಕೊಟ್ಟಿರಿ: ನೆರವಿನ ಮೊತ್ತ ಬಡತನದ ರೇಖೆಯ ಅರ್ಧಕ್ಕಿಂತ ಕೆಳಗಿರದಂತೆ ಹಂತ ಹಂತವಾಗಿ ಏರಿಸುವುದು, ಆ ಅರ್ಧವನ್ನು ಲೆಕ್ಕ ಹಾಕುವಾಗ ನೆರವಿಗೆ ಎಣಿಕೆಯಾದವರಿಗಿಂತ ಒಬ್ಬರನ್ನು ಹೆಚ್ಚಿಗೆ ಹಿಡಿಯುವುದು.

ಈ 'ಒಬ್ಬರು ಹೆಚ್ಚಿಗೆ' ಎಂಬುದು ನನ್ನ ಮಟ್ಟಿಗೆ ತಮ್ಮ ಕಾನೂನಿನ ಅತ್ಯಂತ ಮಾನವೀಯವಾದ ಸಾಲು. ಮನೆಯಲ್ಲಿ ಉಣ್ಣುವವರು ನಾಲ್ವರಿದ್ದು, ವಲಸೆಯ ದರ್ಜೆಯ ಕಾರಣಕ್ಕೋ ಗಡುವು ಮುಗಿದುದಕ್ಕೋ ಒಬ್ಬರನ್ನು ಲೆಕ್ಕದಿಂದ ಬಿಟ್ಟಿರುತ್ತಾರೆ. ಮೂವರ ಹಣದಲ್ಲಿ ನಾಲ್ವರು ಉಣ್ಣುತ್ತಾರೆ ಎಂಬುದನ್ನು ಆ ಸಾಲು ಒಪ್ಪಿಕೊಂಡಿತು. ಒಪ್ಪಿಕೊಂಡದ್ದನ್ನು ಇನ್ನೂ ನಡೆಸಿಲ್ಲ. ಬಾಡಿಗೆ ಹೆಚ್ಚಿರುವ ಕೌಂಟಿಗಳಲ್ಲಿ ಮೂವರ ಕುಟುಂಬಕ್ಕೆ 2024ರ ಅಕ್ಟೋಬರ್‌ನಿಂದ ಸಿಗತೊಡಗಿದ ಗರಿಷ್ಠ ನೆರವು ತಿಂಗಳಿಗೆ ಸುಮಾರು 1,175 ಡಾಲರ್. 2025ರ ಮಾನದಂಡದಂತೆ ನಾಲ್ವರ ಕುಟುಂಬದ ಬಡತನದ ರೇಖೆ ವರ್ಷಕ್ಕೆ 32,150 ಡಾಲರ್. ಅದರ ಅರ್ಧವನ್ನು ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 1,340 ಡಾಲರ್ ಸಮೀಪ ಬರುತ್ತದೆ. ತಿಂಗಳಿಗೆ 165 ಡಾಲರ್ ಕೊರತೆ. ಶಾಲೆಗೆ ಹೋಗುವ ಎರಡು ಮಕ್ಕಳ ಬೂಟು, ಮಳೆಗಾಲದ ಜಾಕೆಟ್, ಬಸ್ಸಿನ ಪಾಸು, ತಿಂಗಳ ಕೊನೆಯ ವಾರದ ಹಾಲು ಇವೆಲ್ಲ ಆ 165ರಲ್ಲಿ ಬರುತ್ತವೆ. ಹೇಳಿಕೊಳ್ಳಲು ಇದು ಬಡತನವನ್ನು ನೀಗಿಸುವ ಗುರಿಯೂ ಅಲ್ಲ, ಬಡತನದ ಅರ್ಧದವರೆಗೆ ಎತ್ತುವ ಗುರಿ. ಅಷ್ಟನ್ನಾದರೂ ಕೊಟ್ಟ ಮಾತಿನಂತೆ ಮುಟ್ಟಿಸಿ, ಆಮೇಲೆ ಪ್ರತಿ ವರ್ಷ ಬೆಲೆಗಳ ಜೊತೆ ಅದು ತಾನಾಗಿ ಏರುವಂತೆ ಕಾಯಿದೆಯಲ್ಲಿಯೇ ಬರೆಯಿರಿ.

ಮೂರನೆಯದು ನನ್ನ ಕನ್ನಡದ ಬಂಧುಗಳಿಗೆ ತೀರ ಹತ್ತಿರದ್ದು, ನಾವು ಮನೆಯೊಳಗೆ ಮಾತ್ರ ಪಿಸುಗುಟ್ಟುವಂಥದ್ದು. ಗಂಡನ ಎಚ್-1ಬಿ ಎಂಬ ಕೆಲಸದ ವೀಸಾದ ನೆರಳಿನಲ್ಲಿ ಎಚ್-4 ವೀಸಾ ಹಿಡಿದು ಬರುವ ಹೆಣ್ಣುಮಕ್ಕಳು ಈ ಸಿಲಿಕಾನ್ ಕಣಿವೆಯಲ್ಲಿ ಲೆಕ್ಕವಿಲ್ಲದಷ್ಟು. ಗಂಡ ತೀರಿಕೊಂಡರೆ ಅಥವಾ ವಿಚ್ಛೇದನವಾದರೆ ಅವರು ಇಲ್ಲಿರುವ ಆಧಾರವೇ ತಪ್ಪುತ್ತದೆ. ಗಂಡ ಹೊಡೆದರೆ ಅವನ ಮೇಲೆ ದೂರು ಕೊಡುವುದೆಂದರೆ ತನ್ನ ವೀಸಾದ ಮೇಲೆಯೇ ಕೊಡಲಿ ಹಾಕಿಕೊಂಡಂತೆ ಎಂದು ಹೆದರುತ್ತಾರೆ. ಅಮೆರಿಕದ ಪ್ರಜೆಯ ಅಥವಾ ಗ್ರೀನ್ ಕಾರ್ಡ್ ಉಳ್ಳವನ ಹೆಂಡತಿ ಹಿಂಸೆಗೆ ಒಳಗಾದರೆ ತಾನೇ ಅರ್ಜಿ ಹಾಕಿ ನೆಲೆ ಪಡೆಯುವ ದಾರಿ ಕಾನೂನಿನಲ್ಲಿದೆ. ಎಚ್-1ಬಿ ಉಳ್ಳವನ ಹೆಂಡತಿಗೆ ಆ ದಾರಿ ಇಲ್ಲ. ನಗದು ನೆರವಿನ ಮಟ್ಟಿಗೆ ಅವಳು ಅರ್ಹ ವಲಸಿಗಳೂ ಅಲ್ಲ. ಇಲ್ಲಿ ಹುಟ್ಟಿದ ಮಗುವೊಂದಿದ್ದರೆ ಮಗುವಿಗೆ ಮಾತ್ರ ನೆರವು, ತಾಯಿಗಿಲ್ಲ. ದೇಶವಾರು ಶೇಕಡಾ 7ರ ಮಿತಿಯಿಂದಾಗಿ ಭಾರತದಲ್ಲಿ ಹುಟ್ಟಿದವರು ಗ್ರೀನ್ ಕಾರ್ಡಿಗೆ ದಶಕಗಟ್ಟಲೆ ಕಾಯಬೇಕಿರುವಾಗ, ಈ ಸ್ಥಿತಿ ಒಂದೆರಡು ವರ್ಷದ ಮಾತಲ್ಲ, ಒಂದು ಹೆಣ್ಣಿನ ಯೌವನವೆಲ್ಲ ಅದರಲ್ಲಿಯೇ ಕಳೆಯುತ್ತದೆ.

ಇದಕ್ಕೂ ನಮ್ಮ ರಾಜ್ಯ ಒಂದು ಬಾಗಿಲನ್ನು ತೆರೆದಿದೆ. ಮಾನವ ಸಾಗಣೆಗೆ, ಮನೆಯೊಳಗಿನ ಹಿಂಸೆಗೆ ಮತ್ತು ಇತರ ಗಂಭೀರ ಅಪರಾಧಗಳಿಗೆ ಬಲಿಯಾಗಿ 'ಟಿ' ಅಥವಾ 'ಯು' ವೀಸಾಕ್ಕೆ ಅರ್ಜಿ ಹಾಕಿದವರಿಗೆ 2007ರಿಂದ ರಾಜ್ಯದ ಹಣದಲ್ಲಿ ನೆರವು ಸಿಗುತ್ತಿದೆ. ಆದರೆ ಯು ವೀಸಾದ ಅರ್ಜಿಗೆ ಪೊಲೀಸರ ಅಥವಾ ಅಂಥ ಅಧಿಕಾರಿಗಳ ದೃಢೀಕರಣ ಬೇಕು, ಅದನ್ನು ಹೊಂದಿಸಲು ವಕೀಲರು ಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ರಾತ್ರಿ ಹನ್ನೊಂದಕ್ಕೆ ಮಗುವನ್ನೆತ್ತಿಕೊಂಡು ಮನೆ ಬಿಟ್ಟ ಹೆಣ್ಣಿಗೆ ಮರುದಿನದ ಮುಂಜಾನೆಯ ಪ್ರಶ್ನೆಗಳೇ ಬೇರೆ. ನ್ಯಾಯಾಲಯವು ಗಂಡನನ್ನು ದೂರವಿಡುವ ರಕ್ಷಣಾ ಆದೇಶ ಕೊಟ್ಟಿದ್ದರೆ ಅದನ್ನೇ ಸಾಕೆಂದು ಒಪ್ಪಿ, ಆ ದಿನದಿಂದಲೇ ಈ ನೆರವನ್ನು ಎಚ್-4 ಹೆಣ್ಣುಮಕ್ಕಳಿಗೆ ತೆರೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಒಂದು ವರ್ಷದ ಆಸರೆ ಸಿಕ್ಕರೆ ಇಂಜಿನಿಯರಿಂಗ್ ಓದಿದ, ಶುಶ್ರೂಷೆ ಕಲಿತ, ಪಾಠ ಹೇಳಬಲ್ಲ ಆ ಹೆಣ್ಣುಮಕ್ಕಳು ಕೆಲಸದ ಪರವಾನಗಿ ಬಂದ ದಿನದಿಂದ ತಮ್ಮ ಕಾಲ ಮೇಲೆ ನಿಂತಿದ್ದನ್ನು ನಾನು ಕಂಡಿದ್ದೇನೆ.

ಈಗ ಎರಡು ಆಕ್ಷೇಪಣೆಗಳಿಗೆ ಉತ್ತರ ಹೇಳಬೇಕು.

ವಲಸಿಗರು ತೆರಿಗೆದಾರರ ಮೇಲೆ ಹೊರೆ ಎಂಬುದು ಒಂದು. ಎಚ್-1ಬಿ ಕೆಲಸಗಾರ ಮೊದಲ ಸಂಬಳದಿಂದಲೇ ಆದಾಯ ತೆರಿಗೆಯ ಜೊತೆಗೆ ಸಾಮಾಜಿಕ ಭದ್ರತೆಯ ಮತ್ತು ಮೆಡಿಕೇರ್ ಎಂಬ ವೃದ್ಧರ ಆರೋಗ್ಯ ವಿಮೆಯ ತೆರಿಗೆಯನ್ನು ಕಟ್ಟುತ್ತಾನೆ. ಹತ್ತು ವರ್ಷದ ದುಡಿಮೆ ತುಂಬುವ ಮುಂಚೆ ಊರಿಗೆ ಮರಳಬೇಕಾಗಿ ಬಂದರೆ, ಭಾರತ ಮತ್ತು ಅಮೆರಿಕದ ನಡುವೆ ಸಾಮಾಜಿಕ ಭದ್ರತೆಯ ಒಪ್ಪಂದ ಇಲ್ಲದ ಕಾರಣ, ಆ ಹಣ ಅವನಿಗೆ ಪಿಂಚಣಿಯಾಗಿ ಬರುವುದೇ ಇಲ್ಲ. ಅಂಥ ಎಷ್ಟು ಸಾವಿರ ಮನೆಗಳ ಹಣ ಇಲ್ಲಿ ಉಳಿದಿದೆಯೋ. 1971ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಇದನ್ನೇ ಬೇರೆ ಮಾತಿನಲ್ಲಿ ಹೇಳಿದೆ. ಮೆಕ್ಸಿಕೋದಿಂದ ಬಂದು ಅರಿಜೋನಾದಲ್ಲಿ ವರ್ಷಗಟ್ಟಲೆ ನೆಲೆಸಿ, ಕಾಯಿಲೆಯಿಂದ ದುಡಿಯಲಾಗದ ಸ್ಥಿತಿ ತಲುಪಿದ ಕಾರ್ಮೆನ್ ರಿಚರ್ಡ್‌ಸನ್ ಎಂಬ ಮಹಿಳೆಗೆ, ಪ್ರಜೆಯಲ್ಲದವರು 15 ವರ್ಷ ಇಲ್ಲಿರಬೇಕೆಂಬ ನಿಯಮ ತೋರಿಸಿ ಆ ರಾಜ್ಯ ನೆರವನ್ನು ನಿರಾಕರಿಸಿತ್ತು. ವಿದೇಶೀಯರೂ ತೆರಿಗೆ ಕಟ್ಟುತ್ತಾರೆ, ಸೈನ್ಯದ ಕರೆಗೂ ಓಗೊಡಬೇಕಾಗುತ್ತದೆ, ಆದ್ದರಿಂದ ರಾಜ್ಯಗಳು ನೆರವಿನಲ್ಲಿ ಅವರನ್ನು ಬೇರೆಯಾಗಿ ಕಾಣುವಂತಿಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ಒಕ್ಕೂಟ ಸರ್ಕಾರ ಮಾತ್ರ ಅಂಥ ಭೇದ ಮಾಡಬಹುದೆಂದು 1976ರಲ್ಲಿ ಅದೇ ನ್ಯಾಯಾಲಯ ಹೇಳಿತು, ಆ ಬಿರುಕಿನಲ್ಲಿಯೇ 1996ರ ಕಾಯಿದೆ ಬೇರೂರಿತು. ಹೊಸದಾಗಿ ಬಂದವರನ್ನು ಕಡಿಮೆಯಾಗಿ ಕಾಣುವ ಪಾಠ ನಮ್ಮ ರಾಜ್ಯಕ್ಕೂ ಆಗಿದೆ: ಬೇರೆ ರಾಜ್ಯದಿಂದ ಬಂದ ಕುಟುಂಬಗಳಿಗೆ ಮೊದಲ ವರ್ಷ ಹಳೆಯ ರಾಜ್ಯದ ದರದಲ್ಲಿಯೇ ನೆರವು ಕೊಡುತ್ತೇನೆಂದು ಕ್ಯಾಲಿಫೋರ್ನಿಯಾ ಮಾಡಿದ ಕಾನೂನನ್ನು 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದು ಮಾಡಿತು.

ಕೈಗೆ ಹಣ ಕೊಟ್ಟರೆ ಜನ ಸೋಮಾರಿಗಳಾಗುತ್ತಾರೆ ಎಂಬುದು ಇನ್ನೊಂದು, ಮತ್ತು ಇದನ್ನು ನಾನು ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೊಕ್ಕಿಂತ ಹೆಚ್ಚಾಗಿ ಕನ್ನಡಿಗರ ಮನೆಗಳ ಊಟದ ಮೇಜಿನಲ್ಲಿಯೇ ಕೇಳಿದ್ದೇನೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಗಿ, ಮನೆಯ ಯಜಮಾನಿಯ ಖಾತೆಗೆ ತಿಂಗಳಿಗೆ 2,000 ರೂಪಾಯಿ ಬರತೊಡಗಿದಾಗ, ಇಲ್ಲಿ ಕುಳಿತು 'ಬಿಟ್ಟಿ ಭಾಗ್ಯ' ಎಂದು ಆಡಿಕೊಂಡವರಲ್ಲಿ ನನ್ನ ಆತ್ಮೀಯರೂ ಇದ್ದರು. ಅದೇ ಜನ ಊರಿನ ತಮ್ಮ ತಾಯಿಗೆ ತಿಂಗಳು ತಿಂಗಳು ಹಣ ಕಳುಹಿಸುವಾಗ ಅವರು ಸೋಮಾರಿಯಾದಾರೆಂದು ಯೋಚಿಸುವುದಿಲ್ಲ. ಇಲ್ಲಿಂದ ಒಂದೂವರೆ ಗಂಟೆ ದಾರಿಯ ಸ್ಟಾಕ್ಟನ್ ನಗರದಲ್ಲಿ, ಮೈಕಲ್ ಟಬ್ಸ್ ಮೇಯರ್ ಆಗಿದ್ದಾಗ, 2019ರ ಫೆಬ್ರವರಿಯಿಂದ 125 ಜನರಿಗೆ ಯಾವ ಷರತ್ತೂ ಇಲ್ಲದೆ ಎರಡು ವರ್ಷ ತಿಂಗಳಿಗೆ 500 ಡಾಲರ್ ಕೊಟ್ಟರು. ಮೊದಲ ವರ್ಷದಲ್ಲಿ ಅವರ ಪೈಕಿ ಪೂರ್ಣಾವಧಿ ಕೆಲಸದಲ್ಲಿದ್ದವರು ಶೇಕಡಾ 28ರಿಂದ 40ಕ್ಕೆ ಏರಿದರು. ಹಣ ಪಡೆಯದ ಹೋಲಿಕೆಯ ಗುಂಪಿನಲ್ಲಿ ಏರಿಕೆ 32ರಿಂದ 37ಕ್ಕೆ ಮಾತ್ರ. 2021ರಲ್ಲಿ ಒಕ್ಕೂಟ ಸರ್ಕಾರ ಮಕ್ಕಳ ತೆರಿಗೆ ರಿಯಾಯಿತಿಯನ್ನು ಹಿಗ್ಗಿಸಿ, ಅದರ ಒಂದು ಭಾಗವನ್ನು ತಿಂಗಳು ತಿಂಗಳು ನಗದಾಗಿ ಮನೆಗೆ ಮುಟ್ಟಿಸಿದಾಗ, ಜನಗಣತಿ ಇಲಾಖೆಯ ಪೂರಕ ಅಳತೆಯಲ್ಲಿ ದೇಶದ ಮಕ್ಕಳ ಬಡತನ ಶೇಕಡಾ 9.7ರಿಂದ 5.2ಕ್ಕೆ ಇಳಿಯಿತು. ಅದನ್ನು ನಿಲ್ಲಿಸಿದ ಮರುವರ್ಷ 12.4ಕ್ಕೆ ಏರಿತು. ಆ ಎರಡು ವರ್ಷಗಳ ನಡುವೆ ಬದಲಾದದ್ದು ತಾಯಿತಂದೆಯರ ಗುಣವಲ್ಲ, ಅವರ ಖಾತೆಗೆ ಬರುತ್ತಿದ್ದ ಹಣ.

ರಾಜ್ಯದ ಬೊಕ್ಕಸ ಬಿಗಿಯಾಗಿದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. 2025ರ ಜುಲೈ 4ರಂದು ಜಾರಿಗೆ ಬಂದ ಒಕ್ಕೂಟದ ಕಾಯಿದೆ ಆಹಾರ ನೆರವಿನ ಪಟ್ಟಿಯಿಂದ ನಿರಾಶ್ರಿತರನ್ನೂ ಆಶ್ರಯ ಪಡೆದವರನ್ನೂ ಹೊರಗಿಟ್ಟು, ರಾಜ್ಯಗಳ ಮೇಲೆ ಇನ್ನಷ್ಟು ಭಾರ ಹಾಕಿದೆ. ಆದರೂ ಕುಟುಂಬ ನೆರವಿಗೆಂದು ಬರುವ ಒಕ್ಕೂಟದ ಇಡುಗಂಟಿನ ಒಂದು ಭಾಗವನ್ನು ಕಾಲೇಜು ವಿದ್ಯಾರ್ಥಿವೇತನದ ಕಡೆಗೆ ತಿರುಗಿಸುತ್ತಾ ಬಂದಿರುವುದನ್ನು ತಾವು ಬಲ್ಲಿರಿ. ವಿದ್ಯಾರ್ಥಿವೇತನ ಬೇಕು, ಅದಕ್ಕೆ ಬೇರೆ ಹಣ ಹುಡುಕಿ. ಮಕ್ಕಳ ಹಾಲಿಗೆಂದು ಬಂದದ್ದು ಹಾಲಿಗೇ ಹೋಗಲಿ.

ಇಷ್ಟೆಲ್ಲ ಆದರೂ ಜನ ಅರ್ಜಿ ಹಾಕದಿದ್ದರೆ ಫಲವಿಲ್ಲ. ಅಂಜಿಕೆ ದೊಡ್ಡದು. ಸರ್ಕಾರದ ಮೇಲೆ ಹೊರೆಯಾಗುವವರು ಎಂಬ ಹಣೆಪಟ್ಟಿ ಹಚ್ಚಿ ಗ್ರೀನ್ ಕಾರ್ಡ್ ನಿರಾಕರಿಸುವ ನಿಯಮವನ್ನು 2020ರಲ್ಲಿ ಬಿಗಿ ಮಾಡಿದರು, 2021ರಲ್ಲಿ ಸಡಿಲಿಸಿದರು. ಬಿಗಿ ಮಾಡಿದ್ದು ಎಲ್ಲರಿಗೂ ನೆನಪಿದೆ, ಸಡಿಲಿಸಿದ್ದು ಯಾರಿಗೂ ತಿಳಿದಿಲ್ಲ. ಕನ್ನಡದ ಬಂಧುಗಳೇ, ಈಗಾಗಲೇ ಗ್ರೀನ್ ಕಾರ್ಡ್ ಇರುವವರು ಪೌರತ್ವಕ್ಕೆ ಅರ್ಜಿ ಹಾಕುವಾಗ ಈ ಪರೀಕ್ಷೆ ಇರುವುದಿಲ್ಲ. ಆದರೆ ನಗದು ನೆರವು ಪಡೆಯುತ್ತಿರುವ ತಂದೆತಾಯಿಯರು ಊರಿಗೆ ಹೋಗಿ ಒಂದೇ ಸಮನೆ 180 ದಿನಗಳಿಗಿಂತ ಹೆಚ್ಚು ಉಳಿದು ಮರಳಿದರೆ ಪ್ರಶ್ನೆ ಏಳಬಹುದು. ಇನ್ನೂ ಗ್ರೀನ್ ಕಾರ್ಡಿಗೆ ಕಾಯುತ್ತಿರುವವರಿಗೆ ನಗದು ನೆರವು ಲೆಕ್ಕಕ್ಕೆ ಬರುತ್ತದೆ. ಯಾರೋ ಹೇಳಿದ್ದನ್ನು ಕೇಳಿ ತೀರ್ಮಾನಿಸದೆ, ಉಚಿತ ಕಾನೂನು ನೆರವಿನವರನ್ನು ಕಂಡು ಮಾತಾಡಿ.

ಮಾನ್ಯ ಸದಸ್ಯರೇ, ಈ ಅಂಜಿಕೆಗೆ 2025ರ ಜೂನ್‌ನಲ್ಲಿ ಹೊಸ ಕಾರಣ ಸೇರಿತು. ಮೆಡಿಕೇಡ್ ಎಂಬ ಬಡವರ ಆರೋಗ್ಯ ವಿಮೆಯ ಫಲಾನುಭವಿಗಳ ವಿವರಗಳನ್ನು ಒಕ್ಕೂಟದ ಆರೋಗ್ಯ ಇಲಾಖೆ ಗೃಹಭದ್ರತಾ ಇಲಾಖೆಗೆ ಕೊಟ್ಟಿತು; ಕ್ಯಾಲಿಫೋರ್ನಿಯಾವೂ ಸೇರಿ ಹಲವು ರಾಜ್ಯಗಳು ಅದರ ವಿರುದ್ಧ ನ್ಯಾಯಾಲಯಕ್ಕೆ ಹೋದವು. ರಾಜ್ಯದ ಹಣದಿಂದಲೇ ನಡೆಯುವ ಯೋಜನೆಗಳ ಅರ್ಜಿದಾರರ ಹೆಸರು ವಿಳಾಸಗಳನ್ನು ನ್ಯಾಯಾಲಯದ ಆಜ್ಞೆ ಇಲ್ಲದೆ ಯಾರಿಗೂ ಕೊಡುವುದಿಲ್ಲವೆಂದು ಕಾಯಿದೆಯಲ್ಲಿಯೇ ಬರೆಯಿರಿ, ಮತ್ತು ಹಾಗೆ ಬರೆದದ್ದನ್ನು ಜನರ ಭಾಷೆಯಲ್ಲಿ ಹೇಳಿ. 1973ರ ದ್ವಿಭಾಷಾ ಸೇವೆಗಳ ಕಾಯಿದೆಯಂತೆ ಒಂದು ಭಾಷೆಯವರು ಕಚೇರಿಗೆ ಬರುವವರಲ್ಲಿ ಶೇಕಡಾ 5ರಷ್ಟಿದ್ದರೆ ಆ ಭಾಷೆ ಬಲ್ಲ ಸಿಬ್ಬಂದಿ ಇರಬೇಕು. ಕನ್ನಡಿಗರು ಯಾವ ಕಚೇರಿಯಲ್ಲಿಯೂ ಶೇಕಡಾ 5 ಆಗಲಾರರು. ದೂರವಾಣಿಯಲ್ಲಿ ದುಭಾಷಿಯನ್ನು ಒದಗಿಸುತ್ತಾರೆ, ಅದು ಒಳ್ಳೆಯದೇ. ಆದರೆ ಅರ್ಜಿಯ ಮುಖ್ಯ ಸೂಚನೆಗಳು ಒಂದು ಹಾಳೆಯಷ್ಟಾದರೂ ಇಂಥ ಸಣ್ಣ ಸಂಖ್ಯೆಯ ಭಾಷೆಗಳಲ್ಲಿ ಇರಲಿ. ಕನ್ನಡದ ಹಾಳೆಯನ್ನು ಬರೆದುಕೊಡಲು ನಾನೂ ನನ್ನ ಗೆಳತಿಯರೂ ಸಿದ್ಧರಿದ್ದೇವೆ, ಅದಕ್ಕೆ ಯಾವ ಹಣವೂ ಬೇಡ.

ಗವರ್ನರ್ ಅವರ ಪರಿಷ್ಕೃತ ಬಜೆಟ್ ಪ್ರತಿ ವರ್ಷ ಮೇ ತಿಂಗಳ ನಡುವೆ ಬರುತ್ತದೆ, ಜೂನ್ 15ರೊಳಗೆ ತಾವು ಅದನ್ನು ಅಂಗೀಕರಿಸಬೇಕು. ಬರುವ ಬಜೆಟ್ಟಿನಲ್ಲಿ ಎಲ್ಲವೂ ಒಟ್ಟಿಗೆ ಆಗದೆಂದಾದರೆ ಕ್ಯಾಪಿಯ ಹತ್ತು ವರ್ಷದ ನಿಯಮವನ್ನು ಮೊದಲು ತೆಗೆಯಿರಿ. ಅರಸೀಕೆರೆಯ ಆ ತಾಯಿಗೆ ಹತ್ತು ವರ್ಷ ತುಂಬಲು ಇನ್ನೂ ನಾಲ್ಕು ವರ್ಷಗಳಿವೆ. ಅವರ ಅರ್ಜಿಯ ಕಾಗದಗಳು ನನ್ನ ಮನೆಯ ಕಪಾಟಿನಲ್ಲಿವೆ, ಎಲ್ಲ ಪುಟಗಳನ್ನೂ ತುಂಬಿದ್ದೇವೆ, ಆ ಒಂದು ಪುಟವನ್ನು ಬಿಟ್ಟು. ತಾವು ನಿಯಮವನ್ನು ತಿದ್ದಿದ ಮರುದಿನ ನಾನು ಅವರನ್ನು ಕರೆದುಕೊಂಡು ಅದೇ ಕಿಟಕಿಗೆ ಹೋಗುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಸಾಂಟಾ ಕ್ಲಾರಾ ಕೌಂಟಿಯ ಒಬ್ಬ ಕನ್ನಡತಿ